ಗೆರೆ ಬಿಡಿ, ಬಾಟಲಿ ಮಗುಚಿ ನೋಡಿ

ಹಳೆಯ ಗಾಜಿನ ಬಾಟಲಿಗಳ ಬಗ್ಗೆ ಈ ಸಲವೂ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಮತ್ತೆ ಕೇಳಬೇಡಿ ಅನ್ನುವ ಆಸೆಯಿಂದ.

ಪ್ರಶ್ನೆ: ನನ್ನ ಹತ್ತಿರ ಒಂದು ಹಸಿರು ಬಾಟಲಿ ಇದೆ. ಅದರ ಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಏರುವ ಗೆರೆ ಕತ್ತಿನ ಅರ್ಧಕ್ಕೇ ನಿಂತುಹೋಗಿದೆ. ಗೆರೆ ಎಷ್ಟು ಕೆಳಗೆ ನಿಂತರೆ ಬಾಟಲಿ ಅಷ್ಟು ಹಳೆಯದು ಅಂತ ಓದಿದ್ದೇನೆ. ಹಾಗಾದರೆ ಇದು 1820ರ ಸುಮಾರಿನದಾ?

ಉತ್ತರ: ಆ ಗೆರೆ ಥರ್ಮಾಮೀಟರಿನ ಪಾದರಸ ಅಲ್ಲ. ವರ್ಷ ಕಳೆದ ಹಾಗೆ ಮೇಲೇರುತ್ತಾ ಬರಲಿಲ್ಲ. ಈ ಮಾತನ್ನು ಯಾರು ಮೊದಲು ಹಬ್ಬಿಸಿದರೋ, ಅವರು ಒಂದು ಬಾಟಲಿಯನ್ನೂ ಸರಿಯಾಗಿ ನೋಡಿರಲಿಕ್ಕಿಲ್ಲ.

ಗೆರೆ ಅಂದರೆ ಅಚ್ಚಿನ ಹೋಳುಗಳು ಕೂಡಿದ ಜಾಗ, ಅಷ್ಟೇ. ಅದು ಎಲ್ಲಿ ಮಾಯವಾಗುತ್ತದೆ ಅನ್ನುವುದರಿಂದ ತಿಳಿಯುವುದು ಬಾಯಿಯನ್ನು ಹೇಗೆ ಮಾಡಿದರು ಅನ್ನುವುದು. ಕೈಯಲ್ಲಿ ಮಾಡಿದ ಬಾಟಲಿಗೆ ಬಾಯಿ ಬರುವುದು ಕೊನೆಗೆ. ಊದುವವನು ಕರಗಿದ ಗಾಜಿನ ಮುದ್ದೆಯನ್ನು ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಳ್ಳುತ್ತಾನೆ. ಹಾಸಿನ ಮೇಲೆ ಉರುಳಿಸಿ, ಸ್ವಲ್ಪ ಊದಿ, ಅಚ್ಚಿನೊಳಗೆ ಇಳಿಸಿ ಮತ್ತೆ ಊದುತ್ತಾನೆ. ಬುಡ, ಒಡಲು, ಭುಜ, ಕತ್ತು ಎಲ್ಲ ಅಲ್ಲೇ ಆಗುತ್ತವೆ. ಬಾಯಿ ಆಗುವುದಿಲ್ಲ. ಯಾಕೆಂದರೆ ಆ ಜಾಗದಲ್ಲಿ ಕೊಳವೆ ಅಂಟಿಕೊಂಡಿರುತ್ತದೆ!

ಕೊಳವೆಯಿಂದ ಬಿಡಿಸಿದ ಮೇಲೆ ಉಳಿಯುವುದು ಮುರುಕು ತುದಿ. ಅದನ್ನು ಮತ್ತೆ ಕಾಯಿಸಿ ತಿದ್ದಬೇಕು. ಸುಡುವ ಬಾಟಲಿಯನ್ನು ಹಿಡಿಯುವುದು ಹೇಗೆ? ಅದಕ್ಕೇ ಪಾಂಟಿಲ್ ಅನ್ನುವ ಸರಳು. ಸಾಮಾನ್ಯವಾಗಿ ಅದರ ತುದಿಗೆ ಒಂದಿಷ್ಟು ಬಿಸಿ ಗಾಜು ಮೆತ್ತಿ ಬಾಟಲಿಯ ಬುಡಕ್ಕೆ ಅಂಟಿಸುತ್ತಾರೆ. ಕೆಲಸ ಮುಗಿದ ಮೇಲೆ ತಟ್ಟಿ ಬಿಡಿಸುತ್ತಾರೆ. ಬುಡದಲ್ಲಿ ಒರಟು ಗಾಯ ಉಳಿಯುತ್ತದೆ. ಗಾಜು ಮೆತ್ತದೆ ಬರೀ ಕಾದ ಕಬ್ಬಿಣವನ್ನೇ ಒತ್ತಿದ್ದರೆ ಅಲ್ಲಿ ಕೆಂಪು ಅಥವಾ ಕಪ್ಪು ಕಲೆ ಇರುತ್ತದೆ. ಆಮೇಲೆ ಬುಡವನ್ನು ಹೊರಗಿನಿಂದ ಕಚ್ಚಿ ಹಿಡಿಯುವ ಸಲಕರಣೆ ಬಂತು. ಅಮೆರಿಕದ ಮಾಮೂಲಿ ಬಾಟಲಿಗಳಲ್ಲಿ 1860ರ ದಶಕ ಮುಗಿಯುವ ಹೊತ್ತಿಗೆ ಪಾಂಟಿಲ್ ಗಾಯ ಅಪರೂಪವಾಯಿತು.

ಈಗ ಬಾಯಿಗೆ ಬನ್ನಿ. ಹಳೆಯ ಕ್ರಮದಲ್ಲಿ ಕತ್ತಿನ ತುದಿಗೆ ಹೊಸದಾಗಿ ಬಿಸಿ ಗಾಜಿನ ಪಟ್ಟಿ ಸುತ್ತಿ, ಇಕ್ಕಳದಂಥ ಸಲಕರಣೆ ಹಿಡಿದು ತಿರುಗಿಸಿ ರೂಪ ಕೊಡುತ್ತಿದ್ದರು. ಇಂಥ ಬಾಟಲಿಯಲ್ಲಿ ಗೆರೆ ಕತ್ತಿನ ಉದ್ದಕ್ಕೂ ಏರಿ, ಆ ಪಟ್ಟಿಯ ಕೆಳಗೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಪಟ್ಟಿಯಿಂದ ಗಾಜು ತುಸು ಕೆಳಗೆ ಇಳಿದಿರುವುದೂ ಉಂಟು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಗಾಜು ಸೇರಿಸುವುದನ್ನು ಬಿಟ್ಟು, ಕತ್ತಿನ ತುದಿಯನ್ನೇ ಕಾಯಿಸಿ ತಿರುಗಿಸುವುದು ಜಾಸ್ತಿಯಾಯಿತು. ಹಾಗೆ ತಿರುಗಿಸುವಾಗ ಕತ್ತಿನ ಮೇಲಿನ ಗೆರೆಯೂ ಅಳಿಸಿಹೋಗುತ್ತದೆ. ಅಂದರೆ ಇಲ್ಲಿ ಗೆರೆ ಮೇಲೆ ನಿಂತದ್ದು ಹಳೆಯದು, ಕೆಳಗೆ ನಿಂತದ್ದು ಹೊಸದು! ನಿಮ್ಮ ಥರ್ಮಾಮೀಟರ್ ತಲೆಕೆಳಗಾಯಿತು, ಅಲ್ವಾ?

ಗೆರೆಯೇ ಇಲ್ಲದಿದ್ದರೆ ಇನ್ನೂ ಹಳೆಯದು ಅಂತ ಹಾರಾಡಬೇಡಿ. ಅಚ್ಚಿನ ಒಳಗೆ ಮೆತ್ತು ಬಳಿದು, ನೀರಲ್ಲಿ ನೆನೆಸಿ, ಊದುವಾಗ ಬಾಟಲಿಯನ್ನು ಸುತ್ತ ತಿರುಗಿಸಿದರೆ ಗೆರೆ ಉಳಿಯುವುದೇ ಇಲ್ಲ. ಬದಲಿಗೆ ಒಡಲಿನ ಸುತ್ತ ಸಣ್ಣ ಅಡ್ಡಗೀರುಗಳು ಕಾಣುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. 1880, 1890ರ ದಶಕಗಳ ಎಷ್ಟೋ ವೈನ್ ಬಾಟಲಿಗಳು ಹೀಗೇ ಇವೆ. ಅವನ್ನು ಅಚ್ಚಿಲ್ಲದೆ ಊದಿದ್ದು ಅಂತ ಮಾರುವವರಿಗೆ ಕೊರತೆಯಿಲ್ಲ.

ಗೆರೆ ಬಾಯಿಯ ಅಂಚನ್ನೇ ದಾಟಿ ಹೋಗಿದ್ದರೆ ಯಂತ್ರದ್ದು. ಅಷ್ಟನ್ನು ಮಾತ್ರ ಗೆರೆ ನೋಡಿ ಹೇಳಬಹುದು. 1903ರಲ್ಲಿ ಅಮೆರಿಕದ ಮೈಕಲ್ ಓವೆನ್ಸ್ ಪೂರ್ತಿ ತಾನೇ ಬಾಟಲಿ ಮಾಡುವ ಯಂತ್ರವನ್ನು ತಯಾರು ಮಾಡಿದರು. ಅದು ಕರಗಿದ ಗಾಜನ್ನು ಅಚ್ಚಿನೊಳಕ್ಕೆ ಹೀರಿಕೊಂಡು, ಅಡಿಯಲ್ಲಿ ಅಲಗಿನಿಂದ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಗುರುತು ಬುಡದಲ್ಲಿ ದುಂಡಗೆ, ಸಾಮಾನ್ಯವಾಗಿ ನಡುವಿನಿಂದ ಒಂದು ಕಡೆಗೆ ಸರಿದು ಉಳಿಯುತ್ತದೆ. ಹೊಸಬರು ಇದನ್ನೇ ಪಾಂಟಿಲ್ ಗಾಯ ಅಂದುಕೊಳ್ಳುತ್ತಾರೆ. ನಗುವುದಿಲ್ಲ, ಮೊದಲ ವರ್ಷ ನಾನೂ ಅಂದುಕೊಂಡಿದ್ದೆ. ಒಂದಲ್ಲ, ಆರು ಬಾಟಲಿ. ಬೆರಳಾಡಿಸಿದರೆ ಗೊತ್ತಾಗುತ್ತದೆ: ಪಾಂಟಿಲ್ ಗಾಯ ಒರಟು, ಎಷ್ಟೋ ಸಲ ಬೆರಳು ಕೊಯ್ಯುವಷ್ಟು ಚೂಪು. ಯಂತ್ರದ ಗುರುತು ಬರೀ ಸುಕ್ಕಿನ ಹಾಗೆ. ಹಾಗಂತ ಒರಟು ಗಾಯ ಕಂಡ ಕೂಡಲೇ ದುಡ್ಡು ಬಿಚ್ಚಬೇಡಿ. ಇವತ್ತಿಗೂ ಕೈಯಲ್ಲಿ ಊದುವವರು ಪಾಂಟಿಲ್ ಬಳಸುತ್ತಾರೆ. ಬುಡದ ಅಂಚಿನಲ್ಲಿ ಇಟ್ಟು ಎತ್ತಿ ಸವೆದ ಗೀರುಗಳು ಇವೆಯಾ ನೋಡಿ. ಅವು ದಿಕ್ಕುದಿಕ್ಕಿಗೆ ಇರಬೇಕು. ಎಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಮರಳು ಕಾಗದದಲ್ಲಿ ಉಜ್ಜಿದ್ದಾರೆ.

ನಿಮ್ಮ ಹಸಿರು ಬಾಟಲಿ? ನೀವು ಪಕ್ಕದ ಫೋಟೋ ನಾಲ್ಕು ಕಳಿಸಿದ್ದೀರಿ, ಬುಡದ್ದು ಒಂದೂ ಇಲ್ಲ. ಯಾರೂ ಕಳಿಸುವುದಿಲ್ಲ. ಗೆರೆ ಕತ್ತಿನಲ್ಲಿ ಮೆಲ್ಲಗೆ ಅಳಿಸಿದ ಹಾಗೆ ಕಾಣುತ್ತಿದೆ. ಹಾಗಾಗಿ 1820 ಅನ್ನುವ ಆಸೆ ಬಿಡಿ.

ಪ್ರಶ್ನೆ: ಗಾಜಿನಲ್ಲಿ ತುಂಬಾ ಗುಳ್ಳೆಗಳಿವೆ. ಹಳೆಯದೇ ಇರಬೇಕಲ್ವಾ?

ಉತ್ತರ: ಗುಳ್ಳೆಯನ್ನು ಇವತ್ತು ಬೇಕಂತಲೇ ಬರಿಸುತ್ತಾರೆ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಬುಡದ ಗಾಜು ದಪ್ಪ ಇದೆ. ನೂರಾರು ವರ್ಷಗಳಲ್ಲಿ ಗಾಜು ಮೆಲ್ಲಗೆ ಕೆಳಗೆ ಹರಿಯುತ್ತದಂತೆ, ನಿಜವಾ?

ಉತ್ತರ: ಸುಳ್ಳು. ಹರಿಯುವುದಾಗಿದ್ದರೆ ಸುಮಾರು 2000 ವರ್ಷದ ರೋಮನ್ ಬಾಟಲಿಗಳ ಹಿಡಿಕೆ ಇಷ್ಟೊತ್ತಿಗೆ ಜೋತುಬಿದ್ದಿರಬೇಕಿತ್ತು. ಊದುವಾಗಲೇ ಅಲ್ಲಿ ಗಾಜು ಜಾಸ್ತಿ ನಿಂತಿದೆ, ಅಷ್ಟೇ.

ಪ್ರಶ್ನೆ: ಅಡಿಯಲ್ಲಿ 18 ಅಂತ ಇದೆ. 1818ರದ್ದಾ?

ಉತ್ತರ: ಅದು ಬಹುಶಃ ಅಚ್ಚಿನ ನಂಬರು.

ಪ್ರಶ್ನೆ: ಗಾಢ ನೇರಳೆ ಬಣ್ಣದ ಔಷಧಿ ಬಾಟಲಿ ಸಿಕ್ಕಿದೆ. ಬಿಸಿಲಲ್ಲಿ ಇದ್ದು ಹಾಗಾಯಿತು ಅಂತ ಮಾರುವವರು ಹೇಳಿದರು.

ಉತ್ತರ: ಅರ್ಧ ಸತ್ಯ ಹೇಳಿದ್ದಾರೆ. ಮರಳಿನಲ್ಲಿರುವ ಕಬ್ಬಿಣದಿಂದ ಗಾಜು ಹಸಿರಾಗುತ್ತದೆ. ಆ ಹಸಿರನ್ನು ಮರೆಸಲು ಮ್ಯಾಂಗನೀಸ್ ಹಾಕುತ್ತಿದ್ದರು. ಅಂಥ ಗಾಜು ವರ್ಷಗಟ್ಟಲೆ ಬಿಸಿಲು ತಿಂದರೆ ತೆಳುವಾಗಿ ನೇರಳೆಗೆ ತಿರುಗುತ್ತದೆ. ಶಾಯಿ ಸುರಿದ ಹಾಗೆ ಗಾಢವಾಗಿದ್ದರೆ, ಅದನ್ನು ವಿಕಿರಣಕ್ಕೆ ಒಡ್ಡಿ ಬಣ್ಣ ಬರಿಸಿರುವ ಸಾಧ್ಯತೆಯೇ ಹೆಚ್ಚು. ಬಾಟಲಿ ಹಳೆಯದೇ ಇರಬಹುದು, ಬಣ್ಣ ಮಾತ್ರ ಮೊನ್ನೆಯದು. ನಾನಾದರೆ ಕೊಳ್ಳುವುದಿಲ್ಲ.

ಪ್ರಶ್ನೆ: ಯುವಿ ಟಾರ್ಚ್ ಹಿಡಿದರೆ ಮಂದವಾಗಿ ಹಸಿರು ಹೊಳೆಯುತ್ತದೆ. ಯುರೇನಿಯಂ ಗಾಜಾ?

ಉತ್ತರ: ಮತ್ತದೇ ಮ್ಯಾಂಗನೀಸ್ ಇರಬೇಕು. ಯುರೇನಿಯಂ ಆಗಿದ್ದರೆ 'ಮಂದವಾಗಿ' ಅಂತ ಬರೆಯುತ್ತಿರಲಿಲ್ಲ.

ಪ್ರಶ್ನೆ: ಮಣ್ಣಿನಲ್ಲಿ ಸಿಕ್ಕ ಬಾಟಲಿಯ ಬಿಳಿ ಮಬ್ಬು ಎಷ್ಟು ತೊಳೆದರೂ ಹೋಗುತ್ತಿಲ್ಲ. ಆಸಿಡ್‌ನಲ್ಲಿ ಅದ್ದಿದರೆ ಹೋಗುತ್ತದೆ ಅಂತ ಒಬ್ಬರು ಹೇಳಿದರು.

ಉತ್ತರ: ಯಾವ ಆಸಿಡ್ ಅಂತ ಹೇಳಿದರಾ? ಬರೀ ಸುಣ್ಣದ ಕಲೆಯಾಗಿದ್ದರೆ ವಿನೆಗರ್ ಸಾಕು. ಅದಕ್ಕೂ ಹೋಗದ ಮಬ್ಬು ಕೊಳೆಯೇ ಅಲ್ಲ. ತೇವ ಗಾಜಿನೊಳಗಿನ ಸೋಡಾ ಅಂಶವನ್ನು ಎಳೆದುಕೊಂಡು ಮೇಲ್ಪದರವನ್ನೇ ತಿಂದಿದೆ. ಅದನ್ನು ತೆಗೆಯಲು ಹೈಡ್ರೋಫ್ಲೋರಿಕ್ ಆಸಿಡ್ ಹೇಳಿಕೊಡುವ ಪಂಡಿತರಿದ್ದಾರೆ. ಅಂಥವರ ಜೊತೆ ಮಾತೇ ಬೇಡ. ಆ ಆಸಿಡ್ ಚರ್ಮದೊಳಗೆ ಇಳಿಯುತ್ತದೆ, ನೋವು ಎಷ್ಟೋ ಗಂಟೆ ತಡವಾಗಿ ಬರಬಹುದು, ಅಷ್ಟರಲ್ಲಿ ರಕ್ತದ ಕ್ಯಾಲ್ಸಿಯಂ ಕಡಿಮೆಯಾಗಿ ಹೃದಯವೇ ನಿಲ್ಲಬಹುದು. ಒಂದು ಬಾಟಲಿಗಾಗಿ!

ಡ್ರಮ್ಮಿನಲ್ಲಿ ತಾಮ್ರದ ತಂತಿಯ ಚೂರು, ನೀರು, ಪಾಲಿಶ್ ಪುಡಿ ಹಾಕಿ ದಿನಗಟ್ಟಲೆ ಉರುಳಿಸುವ ಕ್ರಮ ಇದೆ. ಮಬ್ಬು ಹೋಗುತ್ತದೆ. ಜೊತೆಗೆ ಉಬ್ಬಕ್ಷರಗಳ ಮೊನಚೂ ಹೋಗುತ್ತದೆ. ನನಗಂತೂ ಸೋಪು ಹಚ್ಚಿ ಸ್ನಾನ ಮಾಡಿಸಿದಂಥ ಆ ಹೊಳಪು ಕಂಡರೆ ಆಗುವುದಿಲ್ಲ. ಇನ್ನು ಕೆಲವರು ಸುಮ್ನೆ ಎಣ್ಣೆ ಸವರಿ ಮಬ್ಬು ಮುಚ್ಚಿ ಮಾರುತ್ತಾರೆ. ಕೊಳ್ಳುವ ಮೊದಲು ಹೆಬ್ಬೆರಳಿಂದ ಒಮ್ಮೆ ಒರೆಸಿ ನೋಡಿ.

ಪ್ರಶ್ನೆ: ಏಣುಗಳಿರುವ ಕಡುನೀಲಿ ಬಾಟಲಿ, ಬಿರಡೆ ಇನ್ನೂ ಭದ್ರವಾಗಿದೆ. ಒಳಗೆ ಏನೋ ದ್ರವ ಇದೆ. ತೆಗೆದು ನೋಡಬಹುದಾ?

ಉತ್ತರ: ಬೇಡವೇ ಬೇಡ. ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ ವಿಷದ ಬಾಟಲಿಗಳಿಗೆ ಏಣು ಹಾಕುತ್ತಿದ್ದರು. ತೆಗೆಯಬೇಡಿ, ಮೂಸಬೇಡಿ, ಮಲಗಿಸಬೇಡಿ. ಬುಡದ ಫೋಟೋಗಾಗಿ ಮಗುಚಲೂ ಬೇಡಿ. ಇದೊಂದಕ್ಕೆ ಮಾತ್ರ ವಿನಾಯಿತಿ.