ಮೊದಲು ಅಡ್ಮಿಷನ್ ಫಾರಂ ತೆಗೆದು ನೋಡಿ

ಜೂನ್ ಬಂತೆಂದರೆ ಹೊಸ ಯೂನಿಫಾರಂ ಜತೆಗೆ ನನಗೆ ಇವೇ ಪತ್ರಗಳೂ ಬರುತ್ತವೆ. ಶಾಲೆ, ಪ್ರಾರ್ಥನೆ, ಧರ್ಮ. ಹೋದ ವರ್ಷ ಉತ್ತರಿಸಿದ್ದನ್ನೇ ಮತ್ತೆ ಕೇಳುತ್ತೀರಿ. ಇರಲಿ, ಇನ್ನೊಮ್ಮೆ ಹೇಳುತ್ತೇನೆ.

ಪ್ರಶ್ನೆ: ಮಗ ಕ್ರೈಸ್ತ ಸಂಸ್ಥೆಯ ಅನುದಾನಿತ ಹೈಸ್ಕೂಲಿನಲ್ಲಿ ಎಂಟನೇ ತರಗತಿ. ದಿನಾ ಬೆಳಿಗ್ಗೆ ಅವರ ಪ್ರಾರ್ಥನೆ ಹಾಡಲೇಬೇಕಂತೆ. ಕೋರ್ಟಿಗೆ ಹೋಗಬಹುದಾ? (ಹಾಸನದ ಒಬ್ಬ ತಂದೆ)

ಉತ್ತರ: ಇದೇ ವಾರ ಒಬ್ಬ ಮುಸ್ಲಿಂ ತಾಯಿಯೂ ಬರೆದಿದ್ದಾರೆ. ಮಗಳು ಮಠದ ಶಾಲೆಗೆ ಹೋಗುತ್ತಾಳೆ, ಅಲ್ಲಿ ಭಜನೆ ಕಡ್ಡಾಯವಂತೆ. ಊರು ಹೆಸರು ತೆಗೆದರೆ ಎರಡೂ ಒಂದೇ ಪತ್ರ. ಉತ್ತರವೂ ಒಂದೇ.

ಯಾವ ಧರ್ಮ ಅನ್ನೋದು ಆಮೇಲೆ. ಶಾಲೆಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದು ಮೊದಲು. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತೆಯೇ ಇಲ್ಲ. ಊರಿನ ಎಲ್ಲ ಪೋಷಕರು ಸಹಿ ಹಾಕಿಕೊಟ್ಟರೂ ಇಲ್ಲ. ಸಂವಿಧಾನದ 28ನೇ ವಿಧಿಯ ಮೊದಲ ಭಾಗ ಇದು. ನಿಮ್ಮದು ಅನುದಾನಿತ ಶಾಲೆ, ಆದ್ದರಿಂದ ನಿಮಗೆ ಬೇಕಾದದ್ದು ಮೂರನೇ ಭಾಗ. ಶಾಲೆ ಪ್ರಾರ್ಥನೆ ನಡೆಸಬಹುದು. ಆದರೆ ಪೋಷಕರು ಒಪ್ಪದಿದ್ದರೆ ಮಗುವನ್ನು ಅದರಲ್ಲಿ ಸೇರಿಸುವಂತಿಲ್ಲ. ಹಾಡುವುದಿರಲಿ, ಪೂಜೆಗೆ ಹಾಜರಾಗು ಅಂತಲೂ ಒತ್ತಾಯ ಮಾಡುವಂತಿಲ್ಲ. ಸರ್ಕಾರದಿಂದ ಒಂದು ರೂಪಾಯಿ ಪಡೆಯದ ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ, ಮಾನ್ಯತೆ ಇದ್ದರೆ ಸಾಕು. ‘ನಮ್ಮದು ಪ್ರೈವೇಟ್, ನಮ್ಮ ರೂಲ್ಸು’ ಅನ್ನುವವರಿಗೆ ಇದನ್ನು ತೋರಿಸಿ.

ಈಗ ಕಹಿ ಮಾತು. ಅಡ್ಮಿಷನ್ ಫಾರಂ ಓದಿದ್ದೀರಾ? ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಶಾಲೆಯ ಪ್ರಾರ್ಥನೆ ಮತ್ತು ಸಂಪ್ರದಾಯಗಳಿಗೆ ನಮ್ಮ ಒಪ್ಪಿಗೆ ಇದೆ’ ಎಂಬ ಸಾಲು ಇರಬಹುದು. ಸೀಟು ಸಿಕ್ಕ ಖುಷಿಯಲ್ಲಿ ನೀವೇ ಸಹಿ ಹಾಕಿರುತ್ತೀರಿ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಬಾಯಲ್ಲಿ ಹೇಳಿದರೆ ನಡೆಯೋದಿಲ್ಲ, ಕಾಗದದಲ್ಲಿ ಬರೆದು ಕೊಡಿ.

ಕಾಗದ ಹೇಗಿರಬೇಕು? ಅರ್ಧ ಪುಟ ಸಾಕು. ‘ನಮ್ಮ ಮಗ ಎದ್ದು ಗೌರವದಿಂದ ನಿಲ್ಲುತ್ತಾನೆ, ಹಾಡುವುದಿಲ್ಲ’ ಎಂದು ಬರೆಯಿರಿ. ಹೆಡ್‌ಮಾಸ್ಟರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೇಳದಿದ್ದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ), ಆಮೇಲೆ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು (ಡಿಡಿಪಿಐ).

ಗೌರವದಿಂದ ನಿಲ್ಲುವ ಮಾತನ್ನು ಸುಮ್ನೆ ಸೇರಿಸಿದ್ದಲ್ಲ. 1985ರಲ್ಲಿ ಕೇರಳದ ಶಾಲೆಯೊಂದು ಮೂವರು ಮಕ್ಕಳನ್ನು ಹೊರಗೆ ಹಾಕಿತು. ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು. ರಾಷ್ಟ್ರಗೀತೆಗೆ ದಿನಾ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೇ. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಹೆಸರಾದ ಇದರಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ರಾಷ್ಟ್ರಗೀತೆಯನ್ನೇ ಹಾಡು ಅಂತ ಬಲವಂತ ಮಾಡುವಂತಿಲ್ಲದ ಮೇಲೆ ಶಾಲೆಯ ಪ್ರಾರ್ಥನೆ ಯಾವ ಲೆಕ್ಕ? ಆದರೆ ಆ ಮಕ್ಕಳು ಯಾರಿಗೂ ಅಡ್ಡಿ ಮಾಡಿರಲಿಲ್ಲ, ಅದನ್ನು ಮರೆಯಬೇಡಿ.

ಕೋರ್ಟು ಕಟ್ಟಕಡೆಗೆ. ವಕೀಲನಾದ ನಾನೇ ಹೀಗೆ ಹೇಳಿದರೆ ನಗುತ್ತೀರಿ, ಗೊತ್ತು. ಹಿಂದೆ ಇಂಥದೇ ಜಗಳದಲ್ಲಿ ಒಬ್ಬ ತಂದೆಯ ಪರವಾಗಿ ನೋಟಿಸ್ ಕಳಿಸಿದ್ದೆ. ಶಾಲೆ ಬಗ್ಗಿತು, ನಾವು ಗೆದ್ದೆವು. ಹುಡುಗ ಮಾತ್ರ ಇಡೀ ವರ್ಷ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತ. ಟೀಚರುಗಳು ಬೈಯಲಿಲ್ಲ, ಮಾತೂ ಆಡಲಿಲ್ಲ. ಮಾರ್ಚಿನಲ್ಲಿ ಟಿಸಿ ತೆಗೆದುಕೊಂಡು ಹೋದರು. ಆಮೇಲಿಂದ ನನ್ನ ಕಚೇರಿಗೆ ಬರುವ ಅಪ್ಪಂದಿರಿಗೆ ಮೊದಲು ಕೇಳುವುದು, ‘ಮಗನನ್ನು ಕೇಳಿದ್ರಾ?’ ಹೆಚ್ಚಿನವರು ಕೇಳಿರೋದಿಲ್ಲ.

ಪ್ರಶ್ನೆ: 30(ಎ) ವಿಧಿಯ ಪ್ರಕಾರ ಶಾಲೆಯಲ್ಲಿ ಗೀತೆ, ರಾಮಾಯಣ ಕಲಿಸುವಂತಿಲ್ಲ ಅಂತೆ. ನಿಜವಾ?

ಉತ್ತರ: ವರ್ಷಕ್ಕೆ ಹತ್ತು ಸಲ ಬರುವ ವಾಟ್ಸಾಪ್ ಕತೆ. 30(ಎ) ಎಂಬ ವಿಧಿ ಸಂವಿಧಾನದಲ್ಲೇ ಇಲ್ಲ. 30(1ಎ) ಇದೆ, ಅದು ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಯ ಆಸ್ತಿ ವಶಪಡಿಸಿಕೊಂಡರೆ ಕೊಡಬೇಕಾದ ಪರಿಹಾರದ ಬಗ್ಗೆ. ಫಾರ್ವರ್ಡ್ ಮಾಡುವ ಮುಂಚೆ ಒಂದು ನಿಮಿಷ ಪುಸ್ತಕ ತೆರೆಯೋಕೆ ಏನು ಕಷ್ಟ?

ಪ್ರಶ್ನೆ: ಪಠ್ಯದಲ್ಲಿ ಬಸವಣ್ಣನ ವಚನ, ಕನಕದಾಸರ ಕೀರ್ತನೆ ಇವೆಯಲ್ಲ, ಅದೂ ಧಾರ್ಮಿಕ ಬೋಧನೆ ಅಲ್ವಾ?

ಉತ್ತರ: ಅಲ್ಲ. ಒಂದು ಧರ್ಮದ ಬಗ್ಗೆ ಓದುವುದು ಬೇರೆ, ಆ ಧರ್ಮವನ್ನು ನಂಬು ಅನ್ನುವುದು ಬೇರೆ. ಗುರುನಾನಕರ ಜೀವನ, ಬೋಧನೆಗಳ ಅಧ್ಯಯನದ ವಿಷಯದಲ್ಲಿ ಸುಪ್ರೀಂ ಕೋರ್ಟು 1971ರಲ್ಲೇ ಇದನ್ನು ಹೇಳಿದೆ. ವಚನ ಬಾಯಿಪಾಠ ಮಾಡಿಸಲಿ ಬಿಡಿ, ಕನ್ನಡ ಸುಧಾರಿಸುತ್ತದೆ.

ಪ್ರಶ್ನೆ: ಹಿಜಾಬ್ ವಿಷಯದಲ್ಲಿ ಕೊನೆಗೆ ಗೆದ್ದವರು ಯಾರು?

ಉತ್ತರ: ಕ್ರಿಕೆಟ್ ಮ್ಯಾಚಲ್ಲ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟು ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟು, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು. ಟಿವಿ ಚರ್ಚೆಯಲ್ಲಿ ತೀರ್ಪು ಕೊಡುವವರನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ಪ್ರಾರ್ಥನೆ ತಪ್ಪಿಸೋಕೆ ಮಗಳನ್ನು ದಿನಾ ಹತ್ತು ನಿಮಿಷ ತಡವಾಗಿ ಕಳಿಸಬಹುದಾ?

ಉತ್ತರ: ಬೇಡ. ನಾಡಗೀತೆಯೂ ತಪ್ಪುತ್ತದೆ, ಅಟೆಂಡೆನ್ಸೂ ತಪ್ಪುತ್ತದೆ. ಆ ಅರ್ಧ ಪುಟದ ಕಾಗದ ಬರೆಯಿರಿ.