ಓದುಗರ ಪ್ರಶ್ನೆ: ‘ಕ್ಯಾರಿಯರ್’ ಎಂದು ವರದಿ ಬಂದ ನಾಯಿಯಿಂದ ಮರಿ ಪಡೆಯಬಹುದೇ?

ಪ್ರಶ್ನೆ: ನಾನು ಶಿರಾ ತಾಲ್ಲೂಕಿನ ಕುರಿ ಸಾಕಣೆದಾರ. ಮಂದೆ ಕಾಯಲು, ತಿರುಗಿಸಲು ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಬಾರ್ಡರ್ ಕೋಲಿ ತಳಿಯ ಹೆಣ್ಣು ಮರಿಯೊಂದನ್ನು ತಂದೆ. ಕೆಲಸದಲ್ಲಿ ಬಹಳ ಚುರುಕಾಗಿದೆ. ಮರಿ ಹಾಕಿಸುವ ಮೊದಲು ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ‘ಸಿಇಎ – ಕ್ಯಾರಿಯರ್’ ಮತ್ತು ‘ಎಂಡಿಆರ್1 – ಒಂದು ಪ್ರತಿ’ ಎಂದು ಬಂದಿದೆ. ರೋಗದ ನಾಯಿ, ಮರಿ ಹಾಕಿಸಬೇಡ ಎಂದು ಊರಿನವರು ಹೇಳುತ್ತಿದ್ದಾರೆ. ಕೂಡಿಸಬೇಕೆಂದಿರುವ ಗಂಡು ನಾಯಿಗೆ ಪರೀಕ್ಷೆ ಆಗಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮದು ರೋಗದ ನಾಯಿಯಲ್ಲ. ಜೀನ್‌ಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ, ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಸಿಇಎ ಎಂಬುದು ಹುಟ್ಟಿನಿಂದಲೇ ಬರುವ, ಕಣ್ಣಿನ ಹಿಂಭಾಗದ ಪದರ ಸರಿಯಾಗಿ ಬೆಳೆಯದ ದೋಷ. ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಹಾಗೆ ಕಾಣಿಸಿಕೊಂಡ ನಾಯಿಗಳಲ್ಲೂ ಅನೇಕವು ಬಾಳಿನುದ್ದಕ್ಕೂ ಚೆನ್ನಾಗಿಯೇ ನೋಡುತ್ತವೆ, ಕೆಲವು ಕುರುಡಾಗುತ್ತವೆ. ನಿಮ್ಮ ನಾಯಿ ಕ್ಯಾರಿಯರ್, ಅಂದರೆ ಒಂದು ಪ್ರತಿ ಮಾತ್ರ ಕೆಟ್ಟಿದ್ದು ಇನ್ನೊಂದು ಸರಿಯಿರುವುದರಿಂದ ಈ ದೋಷದಿಂದ ಅದರ ಕಣ್ಣಿಗೆ ತೊಂದರೆಯಿಲ್ಲ.

ಮರಿಗಳ ಹಣೆಬರಹವನ್ನು ನಿರ್ಧರಿಸುವುದು ಇನ್ನು ಆ ಗಂಡು ನಾಯಿ. ಅದೂ ಕ್ಯಾರಿಯರ್ ಆಗಿದ್ದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ದೋಷ ತಗಲುವ ಸಂಭವವಿದೆ. ಆರು ಮರಿ ಹಾಕಿದರೆ ಒಂದಕ್ಕೂ ಬಾರದಿರಬಹುದು, ಮೂರಕ್ಕೆ ಬಂದರೂ ಆಶ್ಚರ್ಯವಿಲ್ಲ. ಗಂಡು ‘ಕ್ಲಿಯರ್’ (ಎರಡೂ ಪ್ರತಿ ಸರಿಯಿರುವುದು) ಆಗಿದ್ದರೆ ಯಾವ ಮರಿಗೂ ಈ ದೋಷ ಬರುವುದಿಲ್ಲ, ಸುಮಾರು ಅರ್ಧದಷ್ಟು ಮರಿಗಳು ತಾಯಿಯಂತೆ ಕ್ಯಾರಿಯರ್ ಆಗುತ್ತವೆ, ಅಷ್ಟೆ. ಟಗರನ್ನು ಮಂದೆಗೆ ಬಿಡುವ ಮೊದಲು ಅದರ ಬಾಯಿ, ಕಾಲು, ಬೀಜಗಳನ್ನು ಮುಟ್ಟಿ ನೋಡುವ ನೀವು, ಗಂಡು ನಾಯಿಯನ್ನು ಮೈಕಟ್ಟು ನೋಡಿ ಒಪ್ಪಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಗಂಡು ನಾಯಿಯ ಮಾಲೀಕರಿಗೆ ಪರೀಕ್ಷೆಯ ಖರ್ಚನ್ನು ನೀವೇ ಕೊಟ್ಟರೂ ನಷ್ಟವಿಲ್ಲ. ಹೆಣ್ಣು ನಾಯಿ ಬೆದೆಗೆ ಬಂದ ಮೇಲೆ ಮಾದರಿ ಕಳುಹಿಸಿದರೆ ವರದಿ ಕೈಸೇರುವಷ್ಟರಲ್ಲಿ ಬೆದೆ ಮುಗಿದಿರುತ್ತದೆ; ಆದ್ದರಿಂದ ಈಗಲೇ ಮಾಡಿಸಿ. ಕೆನ್ನೆಯ ಒಳಭಾಗದ ಮಾದರಿ ಸಾಕು, ಆದರೆ ಅದಕ್ಕೆ ಮೊದಲು ಸ್ವಲ್ಪ ಹೊತ್ತು ಊಟ ಕೊಡಬೇಡಿ, ಕಡ್ಡಿಯನ್ನು ಒಣಗಿಸಿಯೇ ಲಕೋಟೆಗೆ ಹಾಕಿ, ಮೈಕ್ರೋಚಿಪ್ ಸಂಖ್ಯೆಯನ್ನು ಅದರ ಮೇಲೆ ಬರೆಸಿ. ಸಂಖ್ಯೆಯಿಲ್ಲದ ವರದಿ ಯಾವ ನಾಯಿಯದಾದರೂ ಆಗಬಹುದು.

ಕ್ಯಾರಿಯರ್ ಎಂಬ ಒಂದೇ ಕಾರಣಕ್ಕೆ ಕೆಲಸದ ನಾಯಿಯನ್ನು ಕೈಬಿಟ್ಟರೆ, ಮಂದೆಯನ್ನು ಓದುವ ಅದರ ಗುಣವೂ ಅದರೊಂದಿಗೇ ಹೋಗುತ್ತದೆ. ಆ ಗುಣವನ್ನು ಅಳೆಯುವ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ವರದಿಯ ಎರಡನೆಯ ಸಾಲು, ಏಕೆಂದರೆ ಅದು ಮರಿಗಳಿಗಷ್ಟೇ ಅಲ್ಲ, ಇಂದಿನ ನಿಮ್ಮ ರೊಪ್ಪಕ್ಕೂ ಸಂಬಂಧಿಸಿದೆ. ಕೆಲವು ಔಷಧಿಗಳು ಮಿದುಳಿಗೆ ನುಗ್ಗದಂತೆ ಹೊರದಬ್ಬುವ ಪ್ರೋಟೀನೊಂದನ್ನು ಎಂಡಿಆರ್1 ಜೀನ್ ತಯಾರಿಸುತ್ತದೆ. ರಫ್ ಕೋಲಿಗಳಲ್ಲಿ ಈ ಜೀನಿನ ದೋಷ ಬಹಳ ಸಾಮಾನ್ಯ, ಬಾರ್ಡರ್ ಕೋಲಿಗಳಲ್ಲಿ ಅಪರೂಪ. ಕುರಿಗಳ ಜಂತುಹುಳುವಿಗೆ ಕೊಡುವ ಐವರ್‌ಮೆಕ್ಟಿನ್ ಇಂತಹ ಔಷಧಿಗಳಲ್ಲಿ ಮುಖ್ಯವಾದದ್ದು. ಎರಡು ಪ್ರತಿ ಕೆಟ್ಟ ನಾಯಿಗೆ ಅದು ಪ್ರಾಣಾಂತಿಕವಾಗಬಲ್ಲದು, ಒಂದು ಪ್ರತಿ ಕೆಟ್ಟ ನಾಯಿಯೂ ಹೆಚ್ಚಿನ ಪ್ರಮಾಣವನ್ನು ತಾಳಲಾರದೆ ಹೋಗಬಹುದು. ಔಷಧಿ ಕುಡಿಸುವಾಗ ಕುರಿಯ ಕಟವಾಯಿಯಿಂದ ಸೋರಿ ನೆಲಕ್ಕೆ ಬಿದ್ದದ್ದನ್ನು ನಾಯಿ ನೆಕ್ಕುವುದನ್ನು ನೀವೂ ನೋಡಿರುತ್ತೀರಿ. ಆ ದಿನ ನಾಯಿಯನ್ನು ಕಟ್ಟಿಹಾಕಿ, ನಂತರದ ಕೆಲವು ದಿನ ಹಿಕ್ಕೆ ತಿನ್ನದಂತೆಯೂ ನೋಡಿಕೊಳ್ಳಿ. ಜೊಲ್ಲು ಸುರಿಸುವುದು, ಕಣ್ಣಿನ ಪಾಪೆ ಹಿಗ್ಗುವುದು, ತೂರಾಡುವುದು ಕಂಡರೆ ಸಂಜೆಯವರೆಗೆ ಕಾಯಬೇಡಿ; ಇದಕ್ಕೆ ನೇರ ಪ್ರತಿವಿಷವಿಲ್ಲ. ಅರಿವಳಿಕೆ ಕೊಡಬೇಕಾದ ಸಂದರ್ಭ ಬಂದರೆ ವೈದ್ಯರಿಗೆ ವರದಿಯನ್ನು ಮೊದಲು ತೋರಿಸಿ.

ಗಂಡು ಎರಡರಲ್ಲೂ ಕ್ಲಿಯರ್ ಆಗಿದ್ದರೆ, ಎರಡು ಜೀನ್‌ಗಳೂ ಬೇರೆ ಬೇರೆ ವರ್ಣತಂತುಗಳಲ್ಲಿರುವುದರಿಂದ, ಸರಾಸರಿ ನಾಲ್ಕರಲ್ಲಿ ಒಂದು ಮರಿ ಎರಡೂ ದೋಷಗಳಿಂದ ಮುಕ್ತವಾಗಿರುತ್ತದೆ. ಮರಿಗಳನ್ನು ಕೊಡುವ ಮೊದಲು ಪರೀಕ್ಷಿಸಿ, ವರದಿಯನ್ನೂ ಜೊತೆಗೇ ಕೊಡಿ.

ಪ್ರಶ್ನೆ: ತಿಪಟೂರಿನ ಬಳಿ ನಮ್ಮ ಕೊಬ್ಬರಿ ಅಟ್ಟಕ್ಕೆ ಕಾವಲಿರುವ ಜರ್ಮನ್ ಷೆಫರ್ಡ್ ಗಂಡು ನಾಯಿಗೆ ಈಗ ಎರಡೂವರೆ ವರ್ಷ. ಅದರ ತಂದೆ ಒಂಬತ್ತನೇ ವಯಸ್ಸಿನಲ್ಲಿ ಹಿಂಗಾಲು ಎಳೆಯುತ್ತಾ ಸತ್ತಿತು. ಡಿಎನ್‌ಎ ಪರೀಕ್ಷೆಯಿಂದ ಮುಂದಿನದು ತಿಳಿಯುತ್ತದೆಯೇ?

ಉತ್ತರ: ಅರ್ಧ ತಿಳಿಯುತ್ತದೆ. ಆ ವಯಸ್ಸಿನಲ್ಲಿ ನೋವಿಲ್ಲದೆ, ನೆಲಕ್ಕೆ ಹಿಂಗಾಲಿನ ಉಗುರು ಉಜ್ಜುವ ಸದ್ದಿನಿಂದ ಆರಂಭವಾಗಿದ್ದರೆ ಅದು ಬೆನ್ನುಹುರಿ ಸವೆಯುವ ಕಾಯಿಲೆಯಾಗಿರಬಹುದು. ಅದಕ್ಕೆ ಎಸ್‌ಒಡಿ1 ಜೀನಿನ ಪರೀಕ್ಷೆಯಿದೆ. ಎರಡು ಪ್ರತಿ ಕೆಟ್ಟಿದ್ದರೆ ಅಪಾಯ ಹೆಚ್ಚು ಎಂದರ್ಥವೇ ಹೊರತು ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಆದರೆ ಹಿಂಗಾಲನ್ನು ಕಾಡುವ ಇನ್ನೊಂದು ತೊಂದರೆಯಾದ, ಸೊಂಟದ ಕೀಲು ಸಡಿಲವಿರುವ ದೋಷಕ್ಕೆ ಇಂತಹ ಒಂದೇ ಜೀನಿನ ಪರೀಕ್ಷೆಯಿಲ್ಲ, ಏಕೆಂದರೆ ಅದರಲ್ಲಿ ಅನೇಕ ಜೀನ್‌ಗಳ ಜೊತೆಗೆ ಮರಿಯಿದ್ದಾಗಿನ ತೂಕ, ಆಹಾರಗಳ ಪಾಲೂ ಇರುತ್ತದೆ. ಅದನ್ನು ಎಕ್ಸ್-ರೇ ಚಿತ್ರದಲ್ಲಿಯೇ ನೋಡಬೇಕು. ನಾಯಿಗಳ ಮೂಳೆ, ಕೀಲುಗಳನ್ನು ಪರಿಶೀಲಿಸುವ ಅಮೆರಿಕದ ಒಎಫ್‌ಎ ಸಂಸ್ಥೆಯ ಪದ್ಧತಿಯಲ್ಲಿ ಅಂತಿಮ ಪ್ರಮಾಣಪತ್ರಕ್ಕೆ ನಾಯಿಗೆ 24 ತಿಂಗಳು ತುಂಬಿರಬೇಕು, ನಿಮ್ಮದಕ್ಕೆ ತುಂಬಿದೆ. ನಾಯಿಯನ್ನು ಅಂಗಾತ ಮಲಗಿಸಿ ಹಿಂಗಾಲುಗಳನ್ನು ನೇರವಾಗಿ ಚಾಚಿ ಚಿತ್ರ ತೆಗೆಯುವುದರಿಂದ ಮಂಪರು ಬರಿಸಬೇಕಾಗುತ್ತದೆ. ಎಷ್ಟು ಹೊತ್ತು ಊಟ ಬಿಡಿಸಬೇಕೆಂದು ವೈದ್ಯರನ್ನು ಹಿಂದಿನ ದಿನವೇ ಕೇಳಿಕೊಳ್ಳಿ.