ದುರದೃಷ್ಟಕ್ಕೆ ಇಂಗ್ಲಿಷಿನಲ್ಲಿ ಯಾವ ಪದ, ಯಾವಾಗ?

ನೀವು ಬರೆದಿರುವಂತೆ, ನಿಘಂಟು ತೆರೆದರೆ ‘ಮಿಸ್‌ಫಾರ್ಚ್ಯೂನ್’, ‘ಮಿಸ್‌ಹ್ಯಾಪ್’, ‘ಕಲ್ಯಾಮಿಟಿ’, ‘ಡಿಸಾಸ್ಟರ್’ ಎಲ್ಲಕ್ಕೂ ದುರದೃಷ್ಟ, ಆಪತ್ತು, ವಿಪತ್ತು ಎಂಬ ಅರ್ಥಗಳೇ ಮತ್ತೆ ಮತ್ತೆ ಸಿಗುತ್ತವೆ. ಹೀಗಾಗಿ ಎಲ್ಲ ಕಡೆಗೂ ‘ಬ್ಯಾಡ್ ಲಕ್’ ಎಂದೇ ಬರೆದುಬಿಡುತ್ತಿರುವ ನೀವು, ಯಾವುದನ್ನು ಎಲ್ಲಿ ಬಳಸಬೇಕೆಂದು ಕೇಳಿದ್ದೀರಿ. ಇಂಗ್ಲಿಷ್ ಬರಹಗಳನ್ನು ತಿದ್ದುವುದೇ ನನ್ನ ಕೆಲಸವಾದ್ದರಿಂದ ಈ ಪದಗಳೊಡನೆ ನನಗೆ ದಿನವೂ ಒಡನಾಟವಿದೆ. ನನ್ನ ಪ್ರಕಾರ ಆಯ್ಕೆ ಎರಡು ಸಂಗತಿಗಳ ಮೇಲೆ ನಿಂತಿದೆ: ಆದ ಕೇಡು ಎಷ್ಟು ದೊಡ್ಡದು ಎಂಬುದು ಒಂದು, ಅದಕ್ಕೆ ಯಾರಾದರೂ ಹೊಣೆಯೇ ಎಂಬುದು ಇನ್ನೊಂದು. ಎರಡನೆಯದನ್ನು ನಿಘಂಟುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹೆಚ್ಚು ಮುಖ್ಯವಾದದ್ದು ಮಾತ್ರ ಅದೇ.

ಗಾತ್ರದ ವಿಷಯ ಸುಲಭ. ಸರಿಪಡಿಸಬಹುದಾದ ಸಣ್ಣ ಎಡವಟ್ಟು ‘ಮಿಸ್‌ಹ್ಯಾಪ್’. ಅಮೆರಿಕದ ಸೇನೆಯ ಪರಿಭಾಷೆಯಲ್ಲಿ ಮಾತ್ರ ಪ್ರಾಣಹಾನಿಯಾದ ವಿಮಾನ ದುರಂತಕ್ಕೂ ಇದೇ ಹೆಸರಿದೆ. ನಡೆಯುತ್ತಿದ್ದ ಕೆಲಸಕ್ಕೆ ಹಿನ್ನಡೆಯಾದರೆ ‘ಸೆಟ್‌ಬ್ಯಾಕ್’. ಒಬ್ಬರ ಬದುಕಿಗೆ ಬಂದೆರಗಿದ ಕಷ್ಟಕ್ಕೆ ‘ಮಿಸ್‌ಫಾರ್ಚ್ಯೂನ್’ ಒಪ್ಪುತ್ತದೆ, ಆದರೆ ‘ಅಡ್ವರ್ಸಿಟಿ’ ಸಾಮಾನ್ಯವಾಗಿ ಒಂದು ಘಟನೆಯ ಹೆಸರಲ್ಲ, ಬಹುಕಾಲ ಎದುರಿಸಬೇಕಾದ ಪ್ರತಿಕೂಲ ಸ್ಥಿತಿಯ ಹೆಸರು. ‘ಡಿಸಾಸ್ಟರ್’ ಪದವನ್ನು ಆಡುಮಾತಿನಲ್ಲಿ ಕೆಟ್ಟುಹೋದ ಅಡುಗೆಗೂ ಬಳಸುವುದರಿಂದ ಅದರ ತೂಕ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ‘ಟ್ರ್ಯಾಜಿಡಿ’ಯನ್ನು ಮಾತ್ರ ಮನುಷ್ಯರ ದುಃಖಕ್ಕೆ ಮೀಸಲಿಡಿ, ಗೋದಾಮು ಸುಟ್ಟು ಸರಕು ಹಾಳಾದದ್ದಕ್ಕೆ ಆ ಪದವನ್ನು ಬಳಸಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಹೊಣೆಯ ಪ್ರಶ್ನೆಗೆ ಬರೋಣ. ಈ ಪದಗಳಲ್ಲಿ ಹಲವು, ಕೇಡಿನ ಕಾರಣವನ್ನು ಮನುಷ್ಯನ ಹೊರಗೆ ಹುಡುಕುತ್ತಿದ್ದ ಕಾಲದಲ್ಲಿ ಹುಟ್ಟಿದವು. ‘ಡಿಸಾಸ್ಟರ್’ ಒಳಗೆ ನಕ್ಷತ್ರವನ್ನು ಸೂಚಿಸುವ ‘ಆಸ್ಟರ್’ ಇದೆ, ಅಂದರೆ ಅದು ಗ್ರಹಗತಿ ಕೆಟ್ಟದ್ದರ ಫಲ. ಮಂಕು ಕವಿದ, ನಿರಾಶೆ ತರುವ ಎಂಬರ್ಥದ ‘ಡಿಸ್ಮಲ್’ ಮಧ್ಯಯುಗದ ಯುರೋಪಿನ ಪಂಚಾಂಗಗಳು ತಿಂಗಳಿಗೆ ಎರಡರಂತೆ ಗುರುತಿಸುತ್ತಿದ್ದ ಅಶುಭ ದಿನಗಳ ಲ್ಯಾಟಿನ್ ಹೆಸರಿನಿಂದ ಬಂದಿದೆ. ‘ಮಿಸ್‌ಹ್ಯಾಪ್’ ಮತ್ತು ‘ಹ್ಯಾಪ್‌ಲೆಸ್’ ಪದಗಳಲ್ಲಿರುವ ‘ಹ್ಯಾಪ್’ ಎಂದರೆ ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಲ್ಲಿ ಅದೃಷ್ಟ; ‘ಹ್ಯಾಪಿ’ ಪದವೂ ಅದೇ ಬೇರಿನದು. ಈ ಹಿನ್ನೆಲೆ ಇಂದಿನ ಬಳಕೆಯಲ್ಲಿ ಮಸುಕಾಗಿದ್ದರೂ ‘ಇಲ್‌ಫೇಟೆಡ್’ನಂಥ ಪದಗಳಲ್ಲಿ ಪೂರ್ತಿ ಅಳಿದಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿಗೆ ಈ ವಿಶೇಷಣ ಅಂಟಿಕೊಂಡೇ ಇದೆ. ಆದರೆ ಅದರಲ್ಲಿ 2,200ಕ್ಕೂ ಹೆಚ್ಚು ಜನರಿದ್ದರು, ಜೀವರಕ್ಷಕ ದೋಣಿಗಳಲ್ಲಿ ಜಾಗವಿದ್ದದ್ದು 1,178 ಜನರಿಗೆ, ಮುಂದೆ ಮಂಜುಗಡ್ಡೆಗಳಿವೆ ಎಂಬ ಎಚ್ಚರಿಕೆಗಳೂ ಅಂದು ಬಂದಿದ್ದವು. ಇಷ್ಟನ್ನು ತಿಳಿದ ಮೇಲೂ ಎಲ್ಲವನ್ನೂ ವಿಧಿಯ ಮೇಲೆ ಹಾಕುವ ಪದವನ್ನು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

‘ಆಕ್ಸಿಡೆಂಟ್’ ಪದದ ಕಥೆಯೂ ಇದೇ. ಬಹುಪಾಲು ಗಾಯಗಳನ್ನೂ ಅವುಗಳಿಗೆ ಕಾರಣವಾಗುವ ಘಟನೆಗಳನ್ನೂ ಮೊದಲೇ ಊಹಿಸಿ ತಡೆಯಬಹುದು, ‘ಆಕ್ಸಿಡೆಂಟ್’ ಎಂದರೆ ಅವು ತಪ್ಪಿಸಲಾಗದವು ಎಂಬ ಭಾವನೆ ಬರುತ್ತದೆ ಎಂಬ ಕಾರಣ ನೀಡಿ ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲಿ ತನ್ನ ಪುಟಗಳಿಂದ ಆ ಪದವನ್ನು ದೂರವಿಡಲು ನಿರ್ಧರಿಸಿತು. ಕುಡಿದು ವಾಹನ ಓಡಿಸಿದವರಿಂದ ಸಾವಾದಾಗ ‘ಕ್ರ್ಯಾಶ್’ ಎಂದು ಬರೆದರೆ ನಡೆದದ್ದನ್ನಷ್ಟೇ ಹೇಳಿದಂತಾಗುತ್ತದೆ, ತೀರ್ಪು ಕೊಟ್ಟಂತಾಗುವುದಿಲ್ಲ. ‘ಅನ್‌ಫಾರ್ಚುನೇಟ್ ಇನ್ಸಿಡೆಂಟ್’ ಎಂಬ ಜೋಡಿಪದದ ಬಗ್ಗೆಯೂ ಎಚ್ಚರವಿರಲಿ. ತಪ್ಪೊಪ್ಪಿಕೊಳ್ಳದೆ ವಿಷಾದ ಸೂಚಿಸಬೇಕಾದ ಸಂಸ್ಥೆಗಳ ಪ್ರಕಟಣೆಗಳಲ್ಲಿ ಇದು ಪದೇ ಪದೇ ಕಾಣಿಸುತ್ತದೆ. ನಿಜಕ್ಕೂ ಮನುಷ್ಯರ ಕೈಮೀರಿದ ಭೂಕಂಪ, ಸಿಡಿಲುಗಳಂಥ ಸಂದರ್ಭಕ್ಕೆ ಕಾನೂನಿನಲ್ಲೂ ವಿಮೆಯಲ್ಲೂ ‘ಆ್ಯಕ್ಟ್ ಆಫ್ ಗಾಡ್’ ಎಂಬ ಬೇರೆಯೇ ಮಾತಿದೆ.

ವ್ಯಕ್ತಿಗಳ ಬಗ್ಗೆ ಹೇಳುವಾಗ ‘ಅನ್‌ಲಕಿ’ ಸಾಮಾನ್ಯ ಪದ. ‘ಹ್ಯಾಪ್‌ಲೆಸ್’ ಎಂದರೆ ಮರುಕದ ಜೊತೆಗೆ ಕೈಲಾಗದವರೆಂಬ ಧ್ವನಿಯೂ ಸೇರಿಕೊಳ್ಳುತ್ತದೆ, ಆದ್ದರಿಂದ ನೊಂದವರ ಬಗ್ಗೆ ಅದನ್ನು ಬರೆಯಬೇಡಿ. ‘ಸ್ಟಾರ್‌ಕ್ರಾಸ್ಡ್’ ಎಂದರೆ ಗ್ರಹಗತಿ ಅಡ್ಡಬಂದವರು, ಇದನ್ನು ಬಳಸುವುದು ಹೆಚ್ಚಾಗಿ ಪ್ರೇಮಿಗಳಿಗೆ. ಒಂದರ ಹಿಂದೆ ಒಂದು ಸೋಲು ಬಂದಾಗ ಬಳಸುವ ‘ಜಿಂಕ್ಸ್ಡ್’ 20ನೆಯ ಶತಮಾನದ ಆರಂಭದ ಅಮೆರಿಕದ ಬೇಸ್‌ಬಾಲ್ ವಲಯದಲ್ಲಿ ಹರಡಿದ ಪದದಿಂದ ಬಂದದ್ದು, ಇಂದಿಗೂ ಕ್ರೀಡಾ ಬರಹಗಳಲ್ಲಿ ಚೆನ್ನಾಗಿ ಹೊಂದುತ್ತದೆ.

ನೇರವಾಗಿ ಒಬ್ಬರಿಗೆ ಸಮಾಧಾನ ಹೇಳುವಾಗ, ಪಂದ್ಯ ಸೋತವರಿಗೆ ‘ಹಾರ್ಡ್ ಲಕ್’ ಎನ್ನಬಹುದು. ‘ಟಫ್ ಲಕ್’ ಎಂದರೆ ‘ನನಗೇನು, ಅನುಭವಿಸು’ ಎಂದಂತೆ ಕೇಳಿಸುವ ಅಪಾಯವಿದೆ. ಸಾವಿನ ಮನೆಯವರಿಗೆ ಬರೆಯುವ ಪತ್ರದಲ್ಲಿ ಇವುಗಳಲ್ಲಿ ಯಾವುದೂ ಬೇಡ, ‘ಐ ಆ್ಯಮ್ ಸೋ ಸಾರಿ’ ಎಂಬ ಸರಳ ಮಾತೇ ಸಾಕು.